14 ಮಕ್ಕಳ ತೋಟದ ಶಾಲೆಗೆ ವಿಲೀನದ ಫೋನ್ ಬಂದಿದೆ, ಪ್ರಭಾರ ಮುಖ್ಯ ಶಿಕ್ಷಕಿ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ದಕ್ಷಿಣ ಕೊಡಗಿನ ಕಾಫಿ ತೋಟಗಳ ನಡುವೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. 1ರಿಂದ 5ನೇ ತರಗತಿವರೆಗೆ 14 ಮಕ್ಕಳು, ನೀವು ಮತ್ತು ಒಬ್ಬರು ಅತಿಥಿ ಶಿಕ್ಷಕಿ. ಹಿರಿಯರು ನಿವೃತ್ತರಾದ ಮೇಲೆ ಪ್ರಭಾರ ನಿಮ್ಮ ಹೆಗಲಿಗೆ ಬಂದಿದೆ. ಎರಡೂವರೆ ಕಿಲೋಮೀಟರ್ ಆಚೆಯ ಹಿರಿಯ ಪ್ರಾಥಮಿಕ ಶಾಲೆಗೆ ಸೇರಿಸಲು ‘ಒಪ್ಪಿಗೆ ಪತ್ರ’ ಕೊಡಿ ಎಂದು ಇಲಾಖೆಯಿಂದ ಫೋನಿನಲ್ಲಿ ಕೇಳುತ್ತಿದ್ದಾರೆ. ಕೊಡಬೇಕೇ, ಶಾಲೆ ಉಳಿಯಲು ದಾರಿ ಇದೆಯೇ ಎಂದು ಕೇಳಿದ್ದೀರಿ.

ಪತ್ರ ಕೊಡಬೇಡಿ. ಮಕ್ಕಳ ಪೋಷಕರ ಪರವಾಗಿ ಒಪ್ಪಿಗೆ ಕೊಡುವುದು ಮುಖ್ಯ ಶಿಕ್ಷಕರ ಕೆಲಸವಲ್ಲ. ನಾಳೆ ಯಾರಾದರೂ ಪ್ರಶ್ನಿಸಿದರೆ ಕಡತದಲ್ಲಿ ಉಳಿಯುವುದು ನಿಮ್ಮ ಸಹಿ ಮಾತ್ರ. ಹಾಗೆಂದು ಫೋನಿನಲ್ಲೇ ವಾದಕ್ಕೆ ಇಳಿಯುವುದೂ ಬೇಡ. ಅದೇ ದಿನ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಎರಡು ಸಾಲಿನ ಪತ್ರ ಬರೆಯಿರಿ: ದೂರವಾಣಿಯಲ್ಲಿ ತಿಳಿಸಿದ ವಿಷಯವನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಮುಂದೆ ಇಡಲಾಗುವುದು, ಸಂಬಂಧಪಟ್ಟ ಆದೇಶದ ಪ್ರತಿಯನ್ನು ದಯವಿಟ್ಟು ಕಳುಹಿಸಿಕೊಡಿ. ಟಪಾಲಿನಲ್ಲಿ ಕೊಟ್ಟು ಎರಡನೇ ಪ್ರತಿಗೆ ದಿನಾಂಕ ಸಹಿತ ಮೊಹರು ಹಾಕಿಸಿಕೊಳ್ಳಿ. ಆದೇಶವೇ ಇಲ್ಲದ ಬೇಡಿಕೆಗಳು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತವೆ. ಆದೇಶ ಇದ್ದರೆ ಅದರಲ್ಲಿ ಯಾವ ಕಾರಣ ಕೊಟ್ಟಿದ್ದಾರೆ ಎಂಬುದಾದರೂ ನಿಮ್ಮ ಕೈಗೆ ಸಿಗುತ್ತದೆ.

2025ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ‘ಮ್ಯಾಗ್ನೆಟ್’ ಶಾಲೆಗಳಾಗಿ ಬೆಳೆಸುವ ಮಾತು ಬಂದ ಮೇಲೆ, ಸುತ್ತಲಿನ ಸಣ್ಣ ಶಾಲೆಗಳು ಅವುಗಳಲ್ಲಿ ಕರಗಿಹೋಗುತ್ತವೆ ಎಂಬ ಆತಂಕ ರಾಜ್ಯದ ಎಲ್ಲ ಕಡೆ ಇದೆ. ಎಲ್ಲ ವಿಲೀನವೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಮೂರೇ ಮಕ್ಕಳಿದ್ದು, ನಡೆದು ಹೋಗಬಹುದಾದ ದೂರದಲ್ಲಿ ಒಳ್ಳೆಯ ಶಾಲೆ ಇದ್ದರೆ ಮಗುವಿಗೆ ಜೊತೆಗಾರರು ಸಿಗುವುದೇ ಮೇಲು. ನಿಮ್ಮಲ್ಲಿ ಪ್ರಶ್ನೆ ಇರುವುದು ಆ ಎರಡೂವರೆ ಕಿಲೋಮೀಟರ್ ದಾರಿಯಲ್ಲಿ.

ಶಿಕ್ಷಣ ಹಕ್ಕು ಕಾಯ್ದೆಯಡಿ ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿಯ ಮಗುವಿಗೆ 1 ಕಿಲೋಮೀಟರ್ ಒಳಗೆ ಶಾಲೆ ಇರಬೇಕು, 6ರಿಂದ 8ಕ್ಕೆ 3 ಕಿಲೋಮೀಟರ್. ಇದಕ್ಕಿಂತಲೂ ನಿಮಗೆ ಹೆಚ್ಚು ಬಲ ಕೊಡುವ ಮಾತು ಕೇಂದ್ರದ 2010ರ ಮಾದರಿ ನಿಯಮಗಳಲ್ಲಿದೆ: ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹ, ರಸ್ತೆ ಇಲ್ಲದಿರುವುದು, ಎಳೆಯ ಮಕ್ಕಳಿಗೆ ದಾರಿಯಲ್ಲಿ ಅಪಾಯ, ಇವೆಲ್ಲ ಇರುವ ಕಡೆ ಈ ದೂರದ ಮಿತಿಯನ್ನು ಇನ್ನೂ ಕಡಿಮೆ ಮಾಡಿ ಶಾಲೆಯ ಜಾಗ ಗೊತ್ತುಮಾಡಬೇಕು. 2018ರ ಆಗಸ್ಟ್‌ನ ಪ್ರವಾಹ, ಭೂಕುಸಿತ ಕಂಡ ಜಿಲ್ಲೆಯಲ್ಲಿ ಈ ವಾಕ್ಯವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಪತ್ರದಲ್ಲಿ ಬರೆದರೆ ಸಾಕು.

ಆದ್ದರಿಂದ ದಾರಿಯನ್ನು ಅಳೆದು ಕಾಗದಕ್ಕೆ ಇಳಿಸಿ. ಕಂಪ್ಯೂಟರಿನ ನಕ್ಷೆಯಲ್ಲಿ ಎರಡು ಶಾಲೆಗಳ ನಡುವೆ ಗೆರೆ ಎಳೆದರೆ ಒಂದೂವರೆ ಕಿಲೋಮೀಟರ್ ಎಂದು ಕಾಣಬಹುದು. ಮಗು ಗೆರೆಯ ಮೇಲೆ ನಡೆಯುವುದಿಲ್ಲ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲು ಮನೆಯ) ಬಾಗಿಲಿನಿಂದ ಹೊರಟು, ಫೋನಿನ ಜಿಪಿಎಸ್ ಹಾಕಿಕೊಂಡು ಆ ಶಾಲೆಯವರೆಗೆ ನಡೆಯಿರಿ. ಎಲ್ಲಿ ತೋಟದ ಗೇಟ್ ಇದೆ, ಅದು ಎಷ್ಟು ಹೊತ್ತಿಗೆ ತೆರೆಯುತ್ತದೆ, ಎಲ್ಲಿ ತೊರೆ ದಾಟಬೇಕು, ಜುಲೈನಲ್ಲಿ ಆ ತೊರೆಯ ಮೇಲಿನ ಅಡಿಕೆ ಮರದ ಪಾಲ (ಕಾಲುಸಂಕ) ಇರುತ್ತದೆಯೇ, ಎಲ್ಲಿ ಆನೆ ದಾಟುವ ಜಾಗ, ಎಷ್ಟು ದೂರ ಡಾಂಬರು ರಸ್ತೆಯ ಅಂಚಿನಲ್ಲಿ ನಡೆಯಬೇಕು, ಎಲ್ಲವನ್ನೂ ಗುರುತು ಹಾಕಿ. ಪ್ರತಿ ಜಾಗದ ಫೋಟೋ ಇರಲಿ. ಆನೆ ಓಡಾಟದ ಬಗ್ಗೆ ವಲಯ ಅರಣ್ಯಾಧಿಕಾರಿಗೆ ಎಸ್‌ಡಿಎಂಸಿ ಅಧ್ಯಕ್ಷರಿಂದ ಅರ್ಜಿ ಕೊಡಿಸಿ ಲಿಖಿತ ಮಾಹಿತಿ ಕೇಳಿ. ‘ಇಲ್ಲಿ ಆನೆ ಕಾಟ’ ಎಂದು ನಾವು ಬರೆದರೆ ಅದು ದೂರು, ಅರಣ್ಯ ಇಲಾಖೆ ಬರೆದರೆ ಅದು ದಾಖಲೆ. ವಾಹನ ಕೊಡುತ್ತೇವೆ ಎಂದು ಹೇಳಿದರೆ ಲೆಕ್ಕ ಕೇಳಿ: ಸಮಗ್ರ ಶಿಕ್ಷಣ ಯೋಜನೆಯ ಸಾರಿಗೆ ಭತ್ಯೆ ಒಂದು ಮಗುವಿಗೆ ವರ್ಷಕ್ಕೆ ಹೆಚ್ಚೆಂದರೆ 6,000 ರೂಪಾಯಿ. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಆ ಹಣಕ್ಕೆ ಮಳೆಗಾಲದಲ್ಲಿ ತೋಟದೊಳಗೆ ಬರುವ ಜೀಪು ಯಾರದು, ಬಾಡಿಗೆ ಮುಂಗಡ ಕೊಡುವವರು ಯಾರು ಎಂಬುದಕ್ಕೆ ಸಭೆಯಲ್ಲೇ ಉತ್ತರ ಸಿಗಬೇಕು.

ಇನ್ನು ಸಂಖ್ಯೆ. ಸಣ್ಣ ಶಾಲೆಯ ಹಣೆಬರಹ ಪೋರ್ಟಲ್‌ನಲ್ಲಿ ಕಾಣುವ ದಾಖಲಾತಿಯ ಮೇಲೆ ನಿಂತಿದೆ. ಕೇಂದ್ರದ ಶಾಲಾ ಮಾಹಿತಿ ಪೋರ್ಟಲ್ ಯು-ಡೈಸ್ ಪ್ಲಸ್‌ಗೆ ಸೆಪ್ಟೆಂಬರ್ 30 ಆಧಾರ ದಿನ. ಹೆಚ್ಚುವರಿ ಶಿಕ್ಷಕರ ಲೆಕ್ಕಕ್ಕೆ ರಾಜ್ಯದ ವಿದ್ಯಾರ್ಥಿ ದಾಖಲೆ ಪೋರ್ಟಲ್ ಸ್ಯಾಟ್ಸ್‌ನ ಸಂಖ್ಯೆ ನೋಡುತ್ತಾರೆ. ನಿಮ್ಮ ಬೆಂಚಿನ ಮೇಲೆ ಕೂತಿರುವ ಮಗು ಆ ಎರಡು ಕಡೆ ಇಲ್ಲದಿದ್ದರೆ ಇಲಾಖೆಯ ಕಣ್ಣಿಗೆ ಆ ಮಗುವೇ ಇಲ್ಲ. ತೋಟದ ಶಾಲೆಗಳಲ್ಲಿ ಇದು ತುಂಬ ಆಗುತ್ತದೆ, ಏಕೆಂದರೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ‘ಸುಮ್ಮನೆ ಬಂದು ಕೂರುತ್ತಾರೆ’. ದಾಖಲೆ ಬರಲಿ, ಆಮೇಲೆ ಸೇರಿಸೋಣ ಎಂದು ನಾವು ಕಾಯುತ್ತೇವೆ. ದಾಖಲೆ ಬರುವುದೇ ಇಲ್ಲ.

ಕಾಯಬೇಡಿ. ವಯಸ್ಸಿನ ದಾಖಲೆ ಇಲ್ಲ ಎಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ, ಕಾಯ್ದೆಯ 14ನೇ ಕಲಂ. ಜನನ ಪ್ರಮಾಣಪತ್ರ ಇಲ್ಲದಿದ್ದರೆ ಆಸ್ಪತ್ರೆ ಅಥವಾ ಎಎನ್‌ಎಂ (ಆರೋಗ್ಯ ಸಹಾಯಕಿ) ದಾಖಲೆ, ಅಂಗನವಾಡಿ ದಾಖಲೆ, ಅದೂ ಇಲ್ಲದಿದ್ದರೆ ಪೋಷಕರ ಘೋಷಣೆ ಸಾಕು. ಟಿಸಿ ತಡವಾಯಿತು ಎಂದೂ ಪ್ರವೇಶ ತಡೆಯುವಂತಿಲ್ಲ, ಅದು 5ನೇ ಕಲಂ. ನಿಮ್ಮ ಶಾಲೆ ಬಿಟ್ಟು ಹೋಗುವ ಮಗುವಿಗೆ ಟಿಸಿ ಕೊಡಲು ತಡ ಮಾಡಿದರೆ ಅದೇ ಕಲಂ ನಿಮ್ಮ ಮೇಲೆ ಶಿಸ್ತು ಕ್ರಮಕ್ಕೂ ದಾರಿ ಮಾಡುತ್ತದೆ. ಆಧಾರ್ ಇಲ್ಲವೆಂದು ಪ್ರವೇಶ ತಡೆಯಬಾರದು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ.

ಪ್ರವೇಶ ಕೊಡುವುದು ಸುಲಭ, ಗಂಟು ಬೀಳುವುದು ಪೋರ್ಟಲ್‌ನಲ್ಲಿ. ಮಗು ಹಿಂದೆ ಬೇರೆಲ್ಲೋ ಓದಿದ್ದರೆ ಅದಕ್ಕೆ ಆಗಲೇ ಒಂದು ಪೆನ್ (ವಿದ್ಯಾರ್ಥಿಯ ಕಾಯಂ ಶಿಕ್ಷಣ ಸಂಖ್ಯೆ) ನಂಬರ್ ಇರುತ್ತದೆ. ಹಳೆಯ ಶಾಲೆಯವರು ಆ ಹೆಸರನ್ನು ಡ್ರಾಪ್‌ಬಾಕ್ಸ್‌ಗೆ (ಪೋರ್ಟಲ್‌ನಲ್ಲಿ ಶಾಲೆ ಬಿಟ್ಟವರ ಪಟ್ಟಿಗೆ) ಬಿಡುವವರೆಗೆ ನಿಮ್ಮ ಕಡೆ ‘ಬೇರೆ ಶಾಲೆಯಲ್ಲಿ ಸಕ್ರಿಯ’ ಎಂದೇ ತೋರಿಸುತ್ತದೆ. ಆಗ ಅವಸರದಲ್ಲಿ ಹೊಸ ವಿದ್ಯಾರ್ಥಿ ಎಂದು ಸೇರಿಸಿಬಿಟ್ಟರೆ ಒಂದೇ ಮಗುವಿಗೆ ಎರಡು ದಾಖಲೆಯಾಗುತ್ತದೆ, ಮುಂದೆ ಅದನ್ನು ಬಿಡಿಸುವುದು ಹೊಸದಾಗಿ ಸೇರಿಸುವುದಕ್ಕಿಂತ ಕಷ್ಟ. ತಾಯಿಯ ಫೋನಿನಿಂದಲೇ ಊರಿನ ಶಾಲೆಯ ಮೇಷ್ಟ್ರಿಗೆ ಕರೆ ಮಾಡಿಸಿ. ಬಹಳ ಸಲ ಒಂದು ಕರೆಯಲ್ಲಿ ಕೆಲಸ ಆಗುತ್ತದೆ. ಆಗದಿದ್ದರೆ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಯು-ಡೈಸ್ ನೋಡಿಕೊಳ್ಳುವವರಿಗೆ ಹೆಸರು, ಜನನ ದಿನಾಂಕ, ಹಳೆಯ ಶಾಲೆಯ ವಿವರ ಬರೆದು ಕೊಡಿ. ಹೆಸರಿನ ಅಕ್ಷರಗಳನ್ನು ಆಧಾರ್‌ನಲ್ಲಿ ಇದ್ದಂತೆಯೇ ನಮೂದಿಸಿ. ಕಿವಿಗೆ ಕೇಳಿದಂತೆ ಬರೆದರೆ ಪರಿಶೀಲನೆಯಲ್ಲಿ ತಪ್ಪಿಹೋಗುತ್ತದೆ. ಈ ಕೆಲಸವೆಲ್ಲ ಆಗಸ್ಟ್ ಕೊನೆಯೊಳಗೆ ಮುಗಿಯಲಿ. ಸೆಪ್ಟೆಂಬರ್‌ನಲ್ಲಿ ಸರ್ವರ್ ತೆವಳುತ್ತದೆ, ಮಳೆಗೆ ಕರೆಂಟೂ ಇರುವುದಿಲ್ಲ.

ಹೀಗೆ ಹೇಳಿದ ಮಾತ್ರಕ್ಕೆ ಇಲ್ಲದ ಮಕ್ಕಳನ್ನು ತೋರಿಸಲು ಹೋಗಬೇಡಿ. ಶಾಲೆ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹಾಜರಿ ತುಂಬುವವರಿದ್ದಾರೆ. ಅದು ಸಿಕ್ಕಿಬೀಳುವುದು ಅಕ್ಕಿಯ ಚೀಲದಲ್ಲಿ. ಬಿಸಿಯೂಟಕ್ಕೆ 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 14 ಮಕ್ಕಳಿಗೆ 1.4 ಕೆಜಿ ಅಕ್ಕಿ. ನಿಜಕ್ಕೂ ಬಂದದ್ದು 9 ಮಕ್ಕಳಾದರೆ ಪಾತ್ರೆಗೆ ಬೀಳುವುದು 900 ಗ್ರಾಂ. ದಿನಕ್ಕೆ ಅರ್ಧ ಕೆಜಿ, 22 ದಿನಕ್ಕೆ 11 ಕೆಜಿ ಅಕ್ಕಿ ಲೆಕ್ಕಕ್ಕಿಂತ ಹೆಚ್ಚಾಗಿ ಮೂಲೆಯಲ್ಲಿ ಉಳಿಯುತ್ತದೆ. ತಪಾಸಣೆಗೆ ಬಂದವರು ಹಾಜರಿ ಪುಸ್ತಕಕ್ಕಿಂತ ಮೊದಲು ತಕ್ಕಡಿ ಕೇಳುತ್ತಾರೆ. ಹಾಲಿನ ಪುಡಿಯದೂ ಅಷ್ಟೆ, ಮಗುವಿಗೆ 18 ಗ್ರಾಂ, 14ಕ್ಕೆ 252 ಗ್ರಾಂ. ಅಂದಹಾಗೆ, ನಮ್ಮ ಮಳೆಗೆ ತೆರೆದ ಪೊಟ್ಟಣ ಎರಡೇ ದಿನಕ್ಕೆ ಗಟ್ಟಿಯಾಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಇಟ್ಟುಕೊಳ್ಳಿ. ಅಕ್ಕಿ ಚೀಲವನ್ನು ಗೋಡೆಗೆ ತಾಗಿಸದೆ ಮರದ ಹಲಗೆಯ ಮೇಲಿಡಿ, ಇಲ್ಲದಿದ್ದರೆ ಜುಲೈ ಹೊತ್ತಿಗೆ ಅಡಿಭಾಗ ಬೂಸಲು ಹಿಡಿದಿರುತ್ತದೆ.

ಶಿಕ್ಷಕರ ಸಂಖ್ಯೆಯ ಬಗ್ಗೆ ಒಂದು ಮಾತು. ಕಾಯ್ದೆಯ ಅನುಸೂಚಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಎಂದಿದೆ. ನಿಮ್ಮಲ್ಲಿ ಕಾಯಂ ಶಿಕ್ಷಕರು ಒಬ್ಬರೇ. ವಿಲೀನಕ್ಕೆ ‘ಶಿಕ್ಷಕರಿಲ್ಲ’ ಎಂಬುದನ್ನೇ ಕಾರಣವಾಗಿ ಕೊಟ್ಟರೆ, ಆ ಕೊರತೆ ಯಾರದು ಎಂದು ಎಸ್‌ಡಿಎಂಸಿ ಠರಾವಿನಲ್ಲಿ ಕೇಳಬಹುದು. ನಿಮ್ಮನ್ನು ಬೇರೆ ಬೇರೆ ಕೆಲಸಕ್ಕೆ ಎಳೆದರೆ 27ನೇ ಕಲಂ ನೆನಪಿಸಿ: ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರು ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ನಿಯೋಜಿಸುವಂತಿಲ್ಲ. ಒಬ್ಬರೇ ಕಾಯಂ ಇರುವ ಶಾಲೆಯಿಂದ ಅವರನ್ನೇ ಕರೆದರೆ ಆ ದಿನ ತರಗತಿ ಹೇಗೆ ನಡೆಯಿತು ಎಂಬುದನ್ನು ದಿನಚರಿಯಲ್ಲಿ ಬರೆದಿಡಿ.

ಎಸ್‌ಡಿಎಂಸಿಯೇ ನಿಮ್ಮ ಬೆನ್ನು. ಸದಸ್ಯರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಒಟ್ಟಿನಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕು. ಪೋಷಕರಾಗಿದ್ದರೆ ಆಯಿತು, ಇಲ್ಲಿಯ ಮತದಾರರಾಗಿರಬೇಕು ಎಂದು ಕಾಯ್ದೆ ಕೇಳುವುದಿಲ್ಲ, ಆದ್ದರಿಂದ ಲೈನ್ ಮನೆಯ ತಾಯಿಯೂ ಹಾಡಿಯ ಯರವ ಬುಡಕಟ್ಟಿನ ತಂದೆಯೂ ಕೂರಬಹುದು, ಕೂರಲೇಬೇಕು. ಬೆಳಿಗ್ಗೆ 11ಕ್ಕೆ ಸಭೆ ಕರೆದರೆ ಅರ್ಧ ದಿನದ ಕೂಲಿ ಬಿಟ್ಟು ಯಾರು ಬರುತ್ತಾರೆ? ರಜೆಯ ದಿನ, ಸಂತೆಗೆ ಹೊರಡುವ ಮೊದಲು ಕರೆಯಿರಿ. ಠರಾವನ್ನು ಓದಿ ಹೇಳಿ, ಅವರವರ ಮಾತಿನಲ್ಲಿ ತಿಳಿಸಿ, ಆಮೇಲೆ ಸಹಿಯೋ ಹೆಬ್ಬೆಟ್ಟೋ ಹಾಕಿಸಿ. ಠರಾವಿನಲ್ಲಿ ನಾಲ್ಕು ಸಂಗತಿ ಇದ್ದರೆ ಸಾಕು: ಮಕ್ಕಳ ಸಂಖ್ಯೆ, ಅಳೆದ ದೂರ, ದಾರಿಯ ಅಪಾಯ, ವಿಲೀನಕ್ಕೆ ಪೋಷಕರ ಅಸಮ್ಮತಿ. ಪ್ರತಿಗಳು ಬಿಇಒ, ಡಿಡಿಪಿಐ (ಜಿಲ್ಲೆಯ ಶಾಲಾ ಶಿಕ್ಷಣ ಉಪನಿರ್ದೇಶಕರು), ಜಿಲ್ಲಾ ಪಂಚಾಯತ್ ಸಿಇಒ ಮೂವರಿಗೂ ಹೋಗಲಿ. ಗ್ರಾಮಸಭೆಯಲ್ಲೂ ಇದೇ ವಿಷಯ ಠರಾವಾಗಲಿ. ಅಷ್ಟಾದರೂ ಕೇಳದಿದ್ದರೆ ಪೋಷಕರು 32ನೇ ಕಲಂ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು, ಅದರ ಮೇಲಿನ ಅಪೀಲು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ.

ಇಲ್ಲಿ ನೀವು ಎಚ್ಚರವಾಗಿರಬೇಕು. ನೀವು ಸರ್ಕಾರಿ ನೌಕರರು. ಪತ್ರಿಕೆಯವರ ಮುಂದೆ ಮಾತಾಡುವುದು, ಧರಣಿಯ ಮುಂದೆ ನಿಲ್ಲುವುದು, ವಾಟ್ಸಾಪ್ ಗುಂಪಿನಲ್ಲಿ ಇಲಾಖೆಯ ಪತ್ರ ಹಂಚುವುದು ನಡತೆ ನಿಯಮಗಳಡಿ ನಿಮ್ಮನ್ನೇ ಸಿಕ್ಕಿಸುತ್ತವೆ, ಆಮೇಲೆ ಚರ್ಚೆ ಶಾಲೆಯನ್ನು ಬಿಟ್ಟು ನಿಮ್ಮ ನೋಟಿಸಿನ ಸುತ್ತ ತಿರುಗುತ್ತದೆ. ಅಧ್ಯಕ್ಷರು ಮಾತಾಡಲಿ, ಪಂಚಾಯಿತಿ ಸದಸ್ಯರು ಮಾತಾಡಲಿ. ಅವರಿಗೆ ಬೇಕಾದ ಅಂಕಿಅಂಶ ಸರಿಯಾಗಿ ಇಟ್ಟುಕೊಡುವುದು ನಿಮ್ಮ ಪಾಲು.

ಶಾಲಾ ಅನುದಾನ ಚಿಕ್ಕದು. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, ಅದರಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ. ಹಣ ಬಂದ ವರ್ಷವೇ ಮಾರ್ಚ್ 31ರೊಳಗೆ ಖರ್ಚಾಗಲಿ. ಒಡೆದ ಹಂಚು ಬದಲಿಸುವುದು, ದಂಬೆ (ಮಾಡಿನ ನೀರು ಹರಿಯುವ ದೋಣಿ) ಸರಿಮಾಡುವುದು ಮೊದಲ ಖರ್ಚು. ಮಳೆ ಶುರುವಾದ ಮೇಲೆ ಮಾಡಿನ ಮೇಲೆ ಹತ್ತುವವರು ಸಿಗುವುದಿಲ್ಲ. ಗೋಡೆ ಬಿರುಕು ಬಿಟ್ಟಿದ್ದರೆ ಆ ಕೋಣೆಗೆ ಬೀಗ ಹಾಕಿ, ಫೋಟೋ ಸಹಿತ ಅದೇ ದಿನ ವರದಿ ಕೊಡಿ. ಅದರ ಜೊತೆಗೇ ದುರಸ್ತಿಯ ಅಂದಾಜುಪಟ್ಟಿಗೂ ಕೋರಿಕೆ ಇರಲಿ. ‘ಕಟ್ಟಡ ಶಿಥಿಲ’ ಎಂದು ಬರೆದು ಸುಮ್ಮನಾದರೆ ಆ ಕಾಗದವೇ ವಿಲೀನಕ್ಕೆ ಆಧಾರವಾಗುತ್ತದೆ. ಮಳೆ ರಜೆಗಳ ಲೆಕ್ಕವನ್ನೂ ಇಡಿ. 1ರಿಂದ 5ಕ್ಕೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಆಗಬೇಕು. ರಜೆ ಘೋಷಣೆಯಾದಾಗ ಲೈನ್ ಮನೆಗಳಿಗೆ ನೆಟ್‌ವರ್ಕ್ ಸಿಗದು. ತೋಟದ ರೈಟರ್ (ಲೆಕ್ಕ ಬರೆಯುವವರು) ಅಥವಾ ಮೇಸ್ತ್ರಿ ಒಬ್ಬರ ನಂಬರ್ ಪ್ರತಿ ಲೈನಿಗೂ ಇರಲಿ, ಇಲ್ಲದಿದ್ದರೆ ಮಕ್ಕಳು ನೆನೆದುಕೊಂಡು ಬಂದು ಬೀಗ ಹಾಕಿದ ಬಾಗಿಲಲ್ಲಿ ನಿಂತಿರುತ್ತಾರೆ.

ಮುಂದಿನ ಜೂನ್ ಬಗ್ಗೆ ಈಗಲೇ ಯೋಚಿಸಿ. 2025-26ಕ್ಕೆ ಮಾತ್ರ 5 ವರ್ಷ 5 ತಿಂಗಳಿನ ಸಡಿಲಿಕೆ ಇತ್ತು. 2026-27ರಿಂದ 1ನೇ ತರಗತಿಗೆ ಜೂನ್ 1ಕ್ಕೆ 6 ವರ್ಷ ತುಂಬಿರಬೇಕು. ಐದನೆಯವರು ಹೊರಗೆ ಹೋಗಿ, ಒಂದನೆಯದಕ್ಕೆ ಯಾರೂ ಬರದಿದ್ದರೆ 14 ಇದ್ದದ್ದು 10ಕ್ಕೆ ಇಳಿಯಲು ಒಂದೇ ವರ್ಷ ಸಾಕು. ಏಪ್ರಿಲ್‌ನಲ್ಲಿ ದಾಖಲಾತಿ ಆಂದೋಲನದ ಹೊತ್ತಿಗೆ ಮನೆಮನೆಗೆ ಹೋದರೆ ತಡವಾಗಿರುತ್ತದೆ, ಕೊಯ್ಲು ಮುಗಿಸಿ ಅರ್ಧ ಲೈನ್ ಖಾಲಿಯಾಗಿರುತ್ತದೆ. ಜನವರಿಯಲ್ಲಿ ಹೋಗಿ, ಅದೂ ಸಂಜೆ ಕಾಫಿ ಹಣ್ಣು ತೂಕದ ಹೊತ್ತಿಗೆ. ಚೀಲ ಇಳಿಸಿ ಸರದಿಗೆ ಕಾಯುವ ಆ ಸಮಯದಲ್ಲಿ ತೋಟದ ಎಲ್ಲ ತಾಯಂದಿರೂ ಒಂದೇ ಕಣದಲ್ಲಿ ಸಿಗುತ್ತಾರೆ. ತೋಟದವರಿಗೆ ಮೊದಲೇ ಹೇಳಿಟ್ಟಿರಿ. ಅಂಗನವಾಡಿ ಕಾರ್ಯಕರ್ತೆಯನ್ನೂ ಜೊತೆಗೆ ಕರೆದುಕೊಂಡು ಹೋಗಿ, ಯಾವ ಮಗುವಿಗೆ ಯಾವ ತಿಂಗಳು ಆರು ತುಂಬುತ್ತದೆ ಎಂಬುದು ಅವರ ಪುಸ್ತಕದಲ್ಲಿರುತ್ತದೆ.