ಓಟದ ಕೊನೆಯಲ್ಲಿ ಏನಾಗುತ್ತದೆ? ಕರೀಮ್ ಅಡೆಯೆಮಿ ಕುರಿತು ಓದುಗರ ಪ್ರಶ್ನೆಗಳು

ಜರ್ಮನಿಯ ಫುಟ್‌ಬಾಲ್ ತಂಡದ ಯುವ ವಿಂಗರ್ (ಅಂಚಿನಲ್ಲಿ ಆಡುವ ಮುನ್ನಡೆ ಆಟಗಾರ) ಕರೀಮ್ ಅಡೆಯೆಮಿ ಬಗ್ಗೆ ಈ ಅಂಕಣದಲ್ಲಿ ಒಂದೆರಡು ಸಾಲು ಬರೆದಿದ್ದೆ. ಅದನ್ನು ಓದಿದವರು ಕೇಳಿದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ಅಡೆಯೆಮಿ ಗಂಟೆಗೆ 36.65 ಕಿ.ಮೀ. ವೇಗದಲ್ಲಿ ಓಡಿದ್ದಾರೆ ಎಂದು ಓದಿದೆ. ಇಷ್ಟು ವೇಗವಿದ್ದವರು ಪ್ರತಿ ವಾರ ಗೋಲು ಹೊಡೆಯಬೇಕಲ್ಲವೇ? ಒಂದು ದಿನ ಮಿಂಚುತ್ತಾರೆ, ಮತ್ತೆ ನಾಲ್ಕು ಪಂದ್ಯ ಕಾಣಿಸುವುದೇ ಇಲ್ಲ. ಏಕೆ ಹೀಗೆ? – ಪದವಿ ವಿದ್ಯಾರ್ಥಿ

ಅಂಕಿ ಸರಿಯಾಗಿದೆ. 2023ರ ಫೆಬ್ರುವರಿಯಲ್ಲಿ ಫ್ರೈಬುರ್ಗ್ ವಿರುದ್ಧದ ಪಂದ್ಯದಲ್ಲಿ ದಾಖಲಾದ ವೇಗ ಅದು. ಜರ್ಮನಿಯ ಅಗ್ರ ಲೀಗ್ ಬುಂಡೆಸ್‌ಲೀಗಾದಲ್ಲಿ ಅಲ್ಲಿಯವರೆಗೆ ಅಳೆದ ವೇಗಗಳಲ್ಲೆಲ್ಲ ಅದೇ ಹೆಚ್ಚಿನದು. ಆದರೆ ಆ ಅಂಕಿಯಿಂದ ಅಡೆಯೆಮಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗಿದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರು ಚೆಂಡು ಮುಟ್ಟಿದಾಗಲೆಲ್ಲ ನೋಡುವವರು ಓಟವನ್ನಷ್ಟೇ ಕಾಯುತ್ತಾರೆ. ನಾನು ಅವರಲ್ಲಿ ನೋಡುವುದು ಓಟ ಮುಗಿಯುವ ಜಾಗವನ್ನು.

ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮೊದಲನೆಯದು 2023ರ ಫೆಬ್ರುವರಿ 15, ಯುರೋಪಿನ ಅಗ್ರ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್‌ನ ಹದಿನಾರರ ಘಟ್ಟ, ಅಡೆಯೆಮಿ ಆಡುತ್ತಿದ್ದ ಡಾರ್ಟ್‌ಮಂಡ್ ಕ್ಲಬ್ಬಿನ ಅಂಗಳದಲ್ಲಿ ಇಂಗ್ಲೆಂಡಿನ ಚೆಲ್ಸಿ. ಚೆಲ್ಸಿಗೆ ಕಾರ್ನರ್ ಸಿಕ್ಕಿತ್ತು, ಅವರ ಆಟಗಾರರು ಬಹುಪಾಲು ಮುಂದೆ ಬಂದಿದ್ದರು. ಚೆಂಡು ಹೊರಗೆ ಬಿತ್ತು, ಡಾರ್ಟ್‌ಮಂಡ್‌ನ ರಫಾಯೆಲ್ ಗೆರೇರೊ ಅದನ್ನು ಅಡೆಯೆಮಿ ಕಡೆ ತಳ್ಳಿದರು. ಆಗ ಅಡೆಯೆಮಿ ಇನ್ನೂ ತಮ್ಮದೇ ಅರ್ಧದಲ್ಲಿದ್ದರು. ಎದುರಿಗೆ ಉಳಿದಿದ್ದವರು ಎಂಜೊ ಫರ್ನಾಂಡಿಸ್ ಒಬ್ಬರೇ. ಬ್ರಿಟನ್‌ನ ವರ್ಗಾವಣೆ ದಾಖಲೆ ಮುರಿದು ಆಗಷ್ಟೇ ಚೆಲ್ಸಿಗೆ ಬಂದಿದ್ದ ಆಟಗಾರ. ಅಡೆಯೆಮಿ ಚೆಂಡನ್ನು ಅವರ ಪಕ್ಕಕ್ಕೆ ನೂಕಿ ದಾಟಿದರು. ಅಲ್ಲಿಂದ ಗೋಲ್‌ಕೀಪರ್ ಕೆಪಾ ತನಕ ಬರೀ ಹುಲ್ಲು. ಇಲ್ಲಿಯವರೆಗೆ ಕೆಲಸ ಮಾಡಿದ್ದು ವೇಗ. ಮುಂದಿನದು ಬೇರೆ. ಕೆಪಾ ಮುಂದೆ ಬಂದಾಗ ಅಡೆಯೆಮಿ ಒದೆಯುವ ಆತುರ ತೋರಲಿಲ್ಲ. ಕೀಪರ್ ತಾವಾಗಿಯೇ ನೆಲಕ್ಕೆ ಬೀಳುವವರೆಗೆ ಚೆಂಡನ್ನು ಕಾಲಿಗಂಟಿಸಿಕೊಂಡು, ಪಕ್ಕದಿಂದ ಸುತ್ತಿ, ಖಾಲಿ ಬಲೆಗೆ ಹಾಕಿದರು. ಪಂದ್ಯದಲ್ಲಿ ಬಂದದ್ದು ಆ ಒಂದೇ ಗೋಲು. (ಎರಡು ಪಂದ್ಯಗಳ ಆ ಹಣಾಹಣಿಯ ಎರಡನೆಯದರಲ್ಲಿ 0-2ರಿಂದ ಸೋತು ಡಾರ್ಟ್‌ಮಂಡ್ ಹೊರಬಿತ್ತು. ಆ ಗೋಲಿನ ಬೆಲೆ ಅದರಿಂದ ಕಡಿಮೆಯಾಗುವುದಿಲ್ಲ.)

ಎರಡನೆಯದು 2024ರ ಜೂನ್ 1, ವೆಂಬ್ಲಿ. ರಿಯಲ್ ಮ್ಯಾಡ್ರಿಡ್ ವಿರುದ್ಧ ಚಾಂಪಿಯನ್ಸ್ ಲೀಗ್ ಫೈನಲ್. ಮೊದಲಾರ್ಧದಲ್ಲಿ ಸಹ ಆಟಗಾರ ಮ್ಯಾಟ್ಸ್ ಹುಮೆಲ್ಸ್ ರಕ್ಷಣಾ ಸಾಲನ್ನು ಸೀಳಿ ಕೊಟ್ಟ ಪಾಸ್ ಹಿಡಿದು ಅಡೆಯೆಮಿ ಒಬ್ಬಂಟಿಯಾಗಿ ನುಗ್ಗಿದರು. ಮುಂದೆ ರಿಯಲ್ ಕೀಪರ್ ಟಿಬೊ ಕೊರ್ಟುವಾ. ಇಲ್ಲೂ ಅವರು ಕೀಪರ್‌ನನ್ನು ಸುತ್ತಲು ಹೊರಟರು. ಆದರೆ ಒಂದು ಸ್ಪರ್ಶ ಹೆಚ್ಚು ಬಿರುಸಾಯಿತು, ಚೆಂಡು ಬದಿಗೆ ಸರಿಯಿತು, ಕೋನ ಕಿರಿದಾಯಿತು. ಅಷ್ಟರಲ್ಲಿ ರಿಯಲ್ ಡಿಫೆಂಡರ್ ಕಾರ್ವಹಾಲ್ ಹಿಂದೆ ಓಡಿಬಂದು ಅಡ್ಡಬಿದ್ದರು. ಡಾರ್ಟ್‌ಮಂಡ್ 0-2ರಿಂದ ಸೋತಿತು.

ಆಟಗಾರ ಅದೇ, ಓಟ ಅದೇ, ಉಪಾಯವೂ ಅದೇ. ವ್ಯತ್ಯಾಸ ಇದ್ದದ್ದು ಕೊನೆಯ ಆ ಒಂದು ಸ್ಪರ್ಶದಲ್ಲಿ. ಪೂರ್ಣ ವೇಗದಲ್ಲಿ ಓಡುತ್ತಿರುವವನಿಗೆ ಚೆಂಡನ್ನು ಮೆತ್ತಗೆ ಮುಟ್ಟುವುದು ಎಷ್ಟು ಕಷ್ಟ ಎಂಬುದನ್ನು ಆಡಿದವರೇ ಬಲ್ಲರು. ಅಡೆಯೆಮಿ ಸೋಮಾರಿ, ಗಮನವಿಲ್ಲದವರು ಎಂದು ಬರೆಯುವವರ ಮೇಲೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

'ಕಾಣಿಸುವುದೇ ಇಲ್ಲ' ಎಂದಿರಲ್ಲ, ಅದಕ್ಕೆ ಇನ್ನೂ ಎರಡು ಕಾರಣಗಳಿವೆ. ಡಾರ್ಟ್‌ಮಂಡ್‌ಗೆ ಬರುವ ಮುನ್ನ ಆಸ್ಟ್ರಿಯಾದ ಜಾಲ್ಸ್‌ಬುರ್ಗ್ ಕ್ಲಬ್‌ನಲ್ಲಿ ಅವರು ಆಡಿದ್ದು ಇಬ್ಬರು ಸ್ಟ್ರೈಕರ್‌ಗಳಲ್ಲಿ ಒಬ್ಬರಾಗಿ. ಎದುರಾಳಿಯ ಬೆನ್ನ ಹಿಂದಿನ ಜಾಗಕ್ಕೆ ನುಗ್ಗುವುದೇ ಅಲ್ಲಿ ಕೆಲಸ. 2021-22ರಲ್ಲಿ 19 ಗೋಲುಗಳೊಂದಿಗೆ ಆಸ್ಟ್ರಿಯಾ ಲೀಗಿನಲ್ಲಿ ಅಗ್ರಸ್ಥಾನ ಪಡೆದದ್ದು ಹಾಗೆ. ಡಾರ್ಟ್‌ಮಂಡ್‌ನಲ್ಲಿ ಅವರನ್ನು ಅಂಚಿಗೆ ಕಳಿಸಿದರು. ವಿಂಗರ್‌ಗೆ ಚೆಂಡು ಬರುವುದು ಹೆಚ್ಚಾಗಿ ಕಾಲಿಗೆ, ನಿಂತಲ್ಲಿಗೆ. ಒಂದು ಬದಿಗೆ ಗೆರೆ, ಎದುರಿಗೆ ಡಿಫೆಂಡರ್, ಅವನ ನೆರವಿಗೆ ಇನ್ನೊಬ್ಬ. ಎದುರಾಳಿಗಳು ತಮ್ಮ ಪೆನಾಲ್ಟಿ ಪ್ರದೇಶದೊಳಗೇ ಕೋಟೆ ಕಟ್ಟಿಕೊಂಡರೆ ಓಡಲು ಜಾಗವೇ ಉಳಿಯುವುದಿಲ್ಲ. ಮೇಲಾಗಿ ಹಿಂದಕ್ಕೆ ಬಂದು ಸ್ವಂತ ಡಿಫೆಂಡರ್‌ಗೂ ಕೈಜೋಡಿಸಬೇಕು. 2024ರ ಚಾಂಪಿಯನ್ಸ್ ಲೀಗ್ ಸೆಮಿಫೈನಲ್‌ನಲ್ಲಿ ಪ್ಯಾರಿಸ್ ತಂಡದ ವಿರುದ್ಧ ಎಡ ಅಂಚಿನಲ್ಲಿ ಅವರು ಮಾಡಿದ ಈ ಕೆಲಸ ಯಾವ ಅಂಕಿಪಟ್ಟಿಯಲ್ಲೂ ಸಿಗುವುದಿಲ್ಲ. ಡಾರ್ಟ್‌ಮಂಡ್ ಫೈನಲ್ ತಲುಪಿದ್ದರಲ್ಲಿ ಅದರ ಪಾಲು ದೊಡ್ಡದು.

ಇನ್ನೊಂದು ಕಾರಣ ತೊಡೆಯ ಹಿಂಭಾಗದ ಸ್ನಾಯು. ಬಿರುಸಿನ ಓಟದಲ್ಲಿ ಕಾಲು ಮುಂದಕ್ಕೆ ಚಾಚಿ ನೆಲ ಮುಟ್ಟುವ ಮುನ್ನ ಆ ಸ್ನಾಯು ಹಿಗ್ಗುತ್ತಲೇ ಬಿಗಿಯಾಗಿ ಕಾಲನ್ನು ತಡೆಹಿಡಿಯಬೇಕು. ವೇಗ ಹೆಚ್ಚಿದಷ್ಟೂ ಅದರ ಮೇಲಿನ ಭಾರವೂ ಹೆಚ್ಚು. ಅತಿ ವೇಗದ ಆಟಗಾರರಿಗೆ ಸ್ನಾಯು ಗಾಯದ ಕಾಟ ಹೆಚ್ಚಿರುವುದು ಇದರಿಂದಲೇ. 2024ರ ಅಕ್ಟೋಬರ್ 1ರಂದು ಸ್ಕಾಟ್ಲೆಂಡಿನ ಸೆಲ್ಟಿಕ್ ಕ್ಲಬ್ ವಿರುದ್ಧ ಅಡೆಯೆಮಿ ಮೊದಲಾರ್ಧದಲ್ಲೇ ಹ್ಯಾಟ್ರಿಕ್ ಬಾರಿಸಿದರು, ತಂಡ 7-1ರಿಂದ ಗೆದ್ದಿತು. ಅದೇ ರಾತ್ರಿ ದ್ವಿತೀಯಾರ್ಧದಲ್ಲಿ ಗಾಯಗೊಂಡು ಹೊರನಡೆದರು. ಲಯ ಸಿಕ್ಕಿತು ಎನ್ನುವಷ್ಟರಲ್ಲಿ ಮತ್ತೆ ಮೊದಲಿನಿಂದ ಶುರು. ನಾಲ್ಕು ಪಂದ್ಯ ಕಾಣಿಸದಿದ್ದರೆ ಮೊದಲು ಗಾಯಾಳುಗಳ ಪಟ್ಟಿ ನೋಡಿ, ಆಮೇಲೆ ತೀರ್ಪು ಕೊಡಿ.

ಪ್ರಶ್ನೆ: ನನ್ನ ಮಗನಿಗೆ ಹತ್ತು ವರ್ಷ, ಫುಟ್‌ಬಾಲ್ ಎಂದರೆ ಪ್ರಾಣ. ಅಡೆಯೆಮಿ ಅದೇ ವಯಸ್ಸಿನಲ್ಲಿ ಬಾಯರ್ನ್ ಮ್ಯೂನಿಕ್ ಬಿಟ್ಟರಂತೆ. ಅಷ್ಟು ದೊಡ್ಡ ಕ್ಲಬ್ ಕೈತಪ್ಪಿದ ಮೇಲೂ ಮೇಲೆ ಬಂದದ್ದು ಹೇಗೆ? – ಒಬ್ಬ ತಾಯಿ

ಅಮ್ಮಾ, ನಿಮ್ಮ ಪ್ರಶ್ನೆಯ ಹಿಂದಿನ ಆತಂಕ ನನಗೆ ಅರ್ಥವಾಗುತ್ತದೆ. ಅಡೆಯೆಮಿ ಹುಟ್ಟಿದ್ದು 2002ರ ಜನವರಿ 18ರಂದು ಮ್ಯೂನಿಕ್‌ನಲ್ಲಿ. ತಂದೆ ನೈಜೀರಿಯಾದವರು, ತಾಯಿ ರುಮೇನಿಯಾದವರು. 2012ರಲ್ಲಿ ಬಾಯರ್ನ್ ಬಿಟ್ಟು ನಗರದ ದಕ್ಷಿಣ ಅಂಚಿನಲ್ಲಿರುವ ಉಂಟರ್‌ಹಾಕಿಂಗ್ ಎಂಬ ಸಣ್ಣ ಕ್ಲಬ್ ಸೇರಿದರು. ಆ ಕ್ಲಬ್ಬಿನ ಬಗ್ಗೆ ನನಗೆ ಹಿಂದಿನಿಂದಲೂ ಪ್ರೀತಿ. 2000ದ ಮೇ ತಿಂಗಳಲ್ಲಿ ಲೀಗಿನ ಕೊನೆಯ ದಿನ ಲೆವರ್‌ಕುಸೆನ್ ತಂಡವನ್ನು 2-0ಯಿಂದ ಮಣಿಸಿ, ಪ್ರಶಸ್ತಿ ಬಾಯರ್ನ್ ಕೈಗೆ ಹೋಗುವಂತೆ ಮಾಡಿದ್ದು ಇದೇ ಕ್ಲಬ್.

ಅಲ್ಲಿ ಹುಡುಗ ಆರು ವರ್ಷ ಉಳಿದ. ಹದಿಮೂರು, ಹದಿನಾಲ್ಕರಲ್ಲಿ ಮಕ್ಕಳಿಗೆ ಬೇಕಾದದ್ದು ಆಡುವ ಅವಕಾಶ. ದೊಡ್ಡ ಕ್ಲಬ್ಬಿನ ಬೆಂಚಿಗಿಂತ ಚಿಕ್ಕ ಕ್ಲಬ್ಬಿನ ಅಂಗಳ ಆ ವಯಸ್ಸಿಗೆ ಒಳ್ಳೆಯದು ಎಂದೇ ನಾನು ನಂಬಿದ್ದೇನೆ. 2018ರಲ್ಲಿ ಆಸ್ಟ್ರಿಯಾದ ಜಾಲ್ಸ್‌ಬುರ್ಗ್ ಅವರನ್ನು ಖರೀದಿಸಿ, ನೇರವಾಗಿ ಮುಖ್ಯ ತಂಡಕ್ಕೆ ಹಾಕದೆ ಎರಡನೇ ದರ್ಜೆಯ ಲೀಫರಿಂಗ್‌ಗೆ ಎರವಲು ಕೊಟ್ಟಿತು. ಹದಿನಾರರ ಹುಡುಗ ಅಲ್ಲಿ ವಾರವಾರವೂ ಬೆಳೆದ ಗಂಡಸರ ಎದುರು ಆಡಿದ. 2019ರಲ್ಲಿ ಜರ್ಮನಿಯ ಯುವ ಆಟಗಾರರಿಗೆ ಕೊಡುವ ಫ್ರಿಟ್ಜ್ ವಾಲ್ಟರ್ ಚಿನ್ನದ ಪದಕ ಹದಿನೇಳರೊಳಗಿನವರ ವಿಭಾಗದಲ್ಲಿ ಬಂತು.

2021ರ ಸೆಪ್ಟೆಂಬರ್‌ನಲ್ಲಿ ಜಾಲ್ಸ್‌ಬುರ್ಗ್ ಪರ ಸ್ಪೇನಿನ ಸೆವಿಯಾ ವಿರುದ್ಧ ಆಡಿದ ಪಂದ್ಯವನ್ನು ನಿಮ್ಮ ಮಗನಿಗೆ ಹುಡುಕಿ ತೋರಿಸಿ. ಮೊದಲಾರ್ಧದಲ್ಲೇ ಅಡೆಯೆಮಿ ಮೂರು ಪೆನಾಲ್ಟಿ ಗಿಟ್ಟಿಸಿದರು. ಮೊದಲನೆಯದನ್ನು ತಾವೇ ಒದ್ದು ಹೊರಗೆ ಕಳಿಸಿದರು. ಪೆನಾಲ್ಟಿ ತಪ್ಪಿದ ಹತ್ತೊಂಬತ್ತರ ಹುಡುಗ ಆಮೇಲೆ ಅಡಗಿಕೊಳ್ಳುವುದು ಸಹಜ; ಇವರು ಮತ್ತೆ ಮತ್ತೆ ಪೆನಾಲ್ಟಿ ಪ್ರದೇಶಕ್ಕೆ ನುಗ್ಗಿ ಇನ್ನೆರಡನ್ನು ತಂದರು. ಅದೇ ಋತುವಿನಲ್ಲಿ ಜಾಲ್ಸ್‌ಬುರ್ಗ್ ಚಾಂಪಿಯನ್ಸ್ ಲೀಗ್‌ನ ನಾಕೌಟ್ ತಲುಪಿತು. ಎದುರಿಗೆ ಬಂದದ್ದು ಬಾಯರ್ನ್! ಮನೆಯಂಗಳದಲ್ಲಿ 1-1, ಮ್ಯೂನಿಕ್‌ನಲ್ಲಿ 1-7. ಸೋಲು ದೊಡ್ಡದೇ, ಆದರೆ ಹತ್ತು ವರ್ಷದ ಹಿಂದೆ ಬಿಟ್ಟುಬಂದ ಕ್ಲಬ್ಬಿನ ಎದುರು ಆಡುವ ಮಟ್ಟಕ್ಕೆ ಹುಡುಗ ಬಂದಿದ್ದ.

ಪ್ರಶ್ನೆ: ಇಂಥ ಆಟಗಾರ ಕೋಟಿಗಟ್ಟಲೆ ಹಣಕ್ಕೆ ಮಾರಾಟವಾದಾಗ ಬೆಳೆಸಿದ ಸಣ್ಣ ಕ್ಲಬ್ಬಿಗೆ ಏನಾದರೂ ಸಿಗುತ್ತದೆಯೇ? – ಬ್ಯಾಂಕ್ ಉದ್ಯೋಗಿ

ಸಿಗುತ್ತದೆ, ಸಿಗಲೇಬೇಕು. ಒಂದು ದೇಶದಿಂದ ಇನ್ನೊಂದಕ್ಕೆ ಆಟಗಾರ ಹೋದಾಗ ಶುಲ್ಕದ ಶೇ 5ರಷ್ಟನ್ನು, ಅವನನ್ನು 12ರಿಂದ 23ರ ವಯಸ್ಸಿನವರೆಗೆ ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು ಎಂಬುದು ಫಿಫಾ ನಿಯಮ. 12ರಿಂದ 15ರವರೆಗಿನ ಪ್ರತಿ ಋತುವಿಗೆ ಶುಲ್ಕದ ಶೇ 0.25, ಆಮೇಲಿನ ಪ್ರತಿ ಋತುವಿಗೆ ಶೇ 0.5. ಉಂಟರ್‌ಹಾಕಿಂಗ್ ಲೆಕ್ಕ ಹಾಕೋಣ: ಮೊದಲ ಬಗೆಯ ನಾಲ್ಕು ಋತು, ಎರಡನೇ ಬಗೆಯ ಒಂದು, ಒಟ್ಟು ಶೇ 1.5. ಅಂದರೆ ಪ್ರತಿ ಒಂದು ಕೋಟಿ ಯೂರೋಗೆ ಒಂದೂವರೆ ಲಕ್ಷ ಯೂರೋ. 2022ರಲ್ಲಿ ಡಾರ್ಟ್‌ಮಂಡ್ ಕೊಟ್ಟದ್ದು ಸುಮಾರು ಮೂರು ಕೋಟಿ ಯೂರೋ ಎಂದು ವರದಿಯಾಗಿತ್ತು. ಆಗ ಉಂಟರ್‌ಹಾಕಿಂಗ್ ಇದ್ದದ್ದು ನಾಲ್ಕನೇ ದರ್ಜೆಯಲ್ಲಿ. ಅಂಥ ಕ್ಲಬ್ಬಿಗೆ ಈ ಮೊತ್ತದಿಂದ ತರಬೇತುದಾರರ ಸಂಬಳ, ಮಕ್ಕಳ ಮೈದಾನದ ನಿರ್ವಹಣೆ ಎಷ್ಟೋ ಹಗುರವಾಗುತ್ತದೆ. ಮರುಮಾರಾಟದಲ್ಲಿ ಪಾಲು ಬೇಕೆಂಬ ಷರತ್ತನ್ನು ಜಾಣ ಕ್ಲಬ್‌ಗಳು ಒಪ್ಪಂದದಲ್ಲೇ ಬರೆಸಿಕೊಳ್ಳುತ್ತವೆ. ಬೆಳೆಸಿದವರ ಪಾಲು ಶೇ 5ಕ್ಕೇ ಏಕೆ ನಿಲ್ಲಬೇಕು ಎಂಬುದು ನನ್ನ ಹಳೆಯ ತಕರಾರು.

ಪ್ರಶ್ನೆ: ಜರ್ಮನಿ ತಂಡದ ಪರ ಅವರ ಸಾಧನೆ ಏನು? – ಶಾಲಾ ಶಿಕ್ಷಕ

2021ರಲ್ಲಿ 21ರೊಳಗಿನವರ ಯುರೋಪ್ ಚಾಂಪಿಯನ್ ತಂಡದಲ್ಲಿದ್ದರು. ಅದೇ ವರ್ಷ ಸೆಪ್ಟೆಂಬರ್ 5ರಂದು ಸ್ಟುಟ್‌ಗಾರ್ಟ್‌ನಲ್ಲಿ ಅರ್ಮೇನಿಯಾ ವಿರುದ್ಧ ಬದಲಿ ಆಟಗಾರನಾಗಿ ಇಳಿದು, ಚೊಚ್ಚಲ ಪಂದ್ಯದಲ್ಲೇ ಗೋಲು ಹೊಡೆದರು. ಜರ್ಮನಿ 6-0ಯಿಂದ ಗೆದ್ದಿತು. 2022ರ ಕತಾರ್ ವಿಶ್ವಕಪ್ ತಂಡದಲ್ಲಿದ್ದೂ ಆಡುವ ಅವಕಾಶ ಬರಲಿಲ್ಲ. ತಾಯ್ನಾಡಿನಲ್ಲೇ ನಡೆದ 2024ರ ಯುರೋ ಕಪ್ ಟೂರ್ನಿಗೆ ಆಯ್ಕೆಯೇ ಆಗಲಿಲ್ಲ. ವೆಂಬ್ಲಿ ಫೈನಲ್ ಆಡಿದವರನ್ನು ಬಿಟ್ಟದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ.

ಪ್ರಶ್ನೆ: ಅವರು ಎಡಗಾಲಿನವರಾದರೂ ಕೆಲವೊಮ್ಮೆ ಬಲ ಅಂಚಿನಲ್ಲಿ ಆಡುವುದೇಕೆ? – ಪಿಯುಸಿ ವಿದ್ಯಾರ್ಥಿನಿ

ಬಲ ಅಂಚಿನಿಂದ ಒಳಗೆ ತಿರುಗಿದರೆ ಚೆಂಡು ಎಡಗಾಲಿಗೆ ಬರುತ್ತದೆ, ಗೋಲು ಕಣ್ಣೆದುರಿಗೇ ತೆರೆದುಕೊಳ್ಳುತ್ತದೆ. ಎಡ ಅಂಚಿನಲ್ಲಾದರೆ ಗೆರೆಯುದ್ದಕ್ಕೂ ಓಡಿ, ಚೆಂಡನ್ನು ಮಧ್ಯಕ್ಕೆ ಕಳಿಸುವುದು ಅದೇ ಕಾಲಿಗೆ ಸುಲಭ. ಮುಂದಿನ ಸಲ ಅವರು ಬಲಗಡೆ ಇದ್ದಾಗ ಎದುರಿನ ಡಿಫೆಂಡರ್ ಹೇಗೆ ನಿಲ್ಲುತ್ತಾನೆ ಎಂದು ಗಮನಿಸಿ. ಮೈಯನ್ನು ಓರೆ ಮಾಡಿ, ಹೊರಗಿನ ದಾರಿ ಬಿಟ್ಟುಕೊಟ್ಟು, ಒಳಗಿನ ದಾರಿಯನ್ನು ಮುಚ್ಚಿಕೊಂಡಿರುತ್ತಾನೆ.