ಕ್ರೈಸ್ತರ ಮದುವೆಯಲ್ಲಿ ಡಿಜೆ, ಅರಿಶಿನ, ಫೋಟೊ ಶೂಟ್: ಯಾವುದು ‘ಲೋಕದ್ದು’?

ನಿಮ್ಮ ಪ್ರಶ್ನೆ ಇದು: ಮುಂದಿನ ತಿಂಗಳು ಕಲಬುರಗಿಯಲ್ಲಿ ನಿಮ್ಮ ಮದುವೆ. ಅರಿಶಿನ ಹಚ್ಚುವುದು, ಡಿಜೆ, ಪ್ರೀ-ವೆಡ್ಡಿಂಗ್ ಶೂಟ್ ಎಲ್ಲವೂ ‘ಲೋಕದ್ದು’, ಅಂದರೆ ದೇವರ ದಾರಿಗೆ ಹೊಂದದ್ದು, ಕ್ರೈಸ್ತರಿಗೆ ಬೇಡ ಅಂತ ಮನೆಯ ಹಿರಿಯರು ಹೇಳುತ್ತಿದ್ದಾರೆ. ಈಗಿನ ಕಾಲದ ಈ ಪದ್ಧತಿಗಳನ್ನು ನಾವು ಹೇಗೆ ನೋಡಬೇಕು ಅಂತ ಕೇಳಿದ್ದೀರಿ.

ನಾನು ಬೀದರಿನವನು, ಮೆಥಡಿಸ್ಟ್ ಸಭೆಯವನು (ಸಭೆ ಅಂದರೆ ನಮ್ಮಲ್ಲಿ ಚರ್ಚ್). ಹನ್ನೆರಡು ವರ್ಷದಿಂದ ಸಭೆಯ ಕಮಿಟಿಯಲ್ಲಿದ್ದೇನೆ. ಮದುವೆಗೆ ಮುಂಚೆ ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದುತ್ತಾರಲ್ಲ, ಅದಕ್ಕೆ ಹೆಸರು ಬರೆದು ಪಾಸ್ಟರ್ ಕೈಗೆ ಕೊಡುವುದು ನನ್ನ ಕೆಲಸ. ಹಾಗಾಗಿ ನೂರಾರು ಮದುವೆ ಹತ್ತಿರದಿಂದ ನೋಡಿದ್ದೇನೆ.

ಮೊದಲು ಡಿಜೆ ವಿಷಯ. ನಮ್ಮಜ್ಜ ಹಲಗೆ ಬಾರಿಸುತ್ತಿದ್ದರು. ಊರಿನ ದೊಡ್ಡ ಮನೆಗಳ ಮದುವೆ ಮೆರವಣಿಗೆಯಲ್ಲಿ ಮುಂದೆ ನಿಂತು ಬಾರಿಸಬೇಕು, ಊಟಕ್ಕೆ ಮಾತ್ರ ಕೊನೆಗೆ, ದೂರ ಕೂರಬೇಕು. ಅವರ ಸ್ವಂತ ಮದುವೆಯ ಮೆರವಣಿಗೆ ಊರ ಅಗಸಿಯೊಳಗೆ ಬರಲು ಬಿಡಲಿಲ್ಲ. ಬೀದರ್ ಕಡೆಯ ಹಳ್ಳಿಗಳಲ್ಲಿ ಸಭೆಗೆ ಸೇರಿದ ಎಷ್ಟೋ ಮನೆಗಳ ಕಥೆ ಇದೇ. ಅಂಥ ಅಜ್ಜನ ಮರಿಮಗ ಇವತ್ತು ಅದೇ ಊರಿನ ನಡು ರಸ್ತೆಯಲ್ಲಿ, ಕುದುರೆ ಮೇಲೆ ಕುಳಿತು, ಬಾಜಾ ಹಚ್ಚಿಸಿಕೊಂಡು ಹೋದರೆ ಅದನ್ನು ಸುಮ್ನೆ ‘ಲೋಕದ ಆಡಂಬರ’ ಅಂದುಬಿಡಲು ನನಗೆ ಬಾಯಿ ಬರುವುದಿಲ್ಲ. ನಾವೂ ಮನುಷ್ಯರು ಅಂತ ಊರಿಗೆ ಹೇಳುವ ಆಸೆ ಅದರಲ್ಲಿದೆ. ರಾತ್ರಿ ಹತ್ತರ ಮೇಲೆ ನಿಲ್ಲಿಸಿ, ಪಕ್ಕದ ಮನೆಯಲ್ಲಿ ಮಲಗಿರುವ ವಯಸ್ಸಾದವರನ್ನು ನೆನಪಿಡಿ. ಅಷ್ಟು ಸಾಕು.

ಅರಿಶಿನವೂ ಅಷ್ಟೇ. ಅದು ನಮ್ಮ ಹೊಲದ ಬೆಳೆ, ನಮ್ಮ ಅಡುಗೆಮನೆಯ ಪದಾರ್ಥ. ಅಕ್ಕ, ಅತ್ತೆ, ದೊಡ್ಡಮ್ಮ ಎಲ್ಲ ಸೇರಿ ಹುಡುಗಿಯ ಕೆನ್ನೆಗೆ ಹಚ್ಚಿದರೆ ಅವಳ ನಂಬಿಕೆ ಕರಗಿಹೋಗುವುದಿಲ್ಲ. ಫೋಟೊ ಶೂಟ್ ಬಗ್ಗೆ ಒಂದೇ ಮಾತು. ನಮ್ಮಲ್ಲಿ ಜೋಡಿಗಳು ಅಷ್ಟೂರಿನ ಬಹಮನಿ ಗುಂಬಜ್‌ಗಳ ಹತ್ತಿರ ಹೋಗುತ್ತಾರೆ. ಅವು ಯಾರದೋ ಸಮಾಧಿಗಳು, ಮೇಲೆ ಹತ್ತಬೇಡಿ. ಕೈಯಲ್ಲಿ ದುಡ್ಡಿದ್ದರೆ ತೆಗೆಸಿಕೊಳ್ಳಿ.

ಈಗ ನಾನು ನಿಜವಾಗಿ ಹೇಳಬೇಕಾದ್ದು.

2011ರಲ್ಲಿ ನನ್ನ ತಂಗಿಯ ಮದುವೆ ಮಾತುಕತೆ. ನಮ್ಮ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಕುಳಿತಿದ್ದರು. ಹುಡುಗನ ಸೋದರಮಾವ ಹಳೆ ಕ್ಯಾಲೆಂಡರಿನ ಹಾಳೆ ಹರಿದು ಹಿಂದೆ ಬರೆಯುತ್ತಾ ಹೋದರು. ಐದು ತೊಲ ಬಂಗಾರ. ಒಂದು ಬೈಕ್. ಮಂಚ, ಬೀರು. ಊಟ ಫಂಕ್ಷನ್ ಹಾಲಿನಲ್ಲೇ ಆಗಬೇಕು. ಕೊನೆಗೆ ಒಂದು ಮೊತ್ತ. ನಮ್ಮ ಕಡೆ ಅದಕ್ಕೆ ಹುಂಡಾ, ಅಂದರೆ ವರದಕ್ಷಿಣೆ, ಅಂತಾರೆ, ಆದರೆ ಆ ಹಾಳೆಯಲ್ಲಿ ‘ಪ್ರೀತಿಯ ಕಾಣಿಕೆ’ ಅಂತ ಬರೆದಿದ್ದರು. ಅಪ್ಪ ಏನೂ ಮಾತಾಡಲಿಲ್ಲ, ಟವೆಲ್ಲಿನ ತುದಿ ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದರು. ಬರೆದು ಮುಗಿದ ಮೇಲೆ ಎಲ್ಲರೂ ಕಣ್ಣು ಮುಚ್ಚಿದೆವು, ಒಬ್ಬರು ಪ್ರಾರ್ಥನೆ ಮಾಡಿದರು. ಆಮೇಲೆ ಆ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಬೈಬಲಿನೊಳಗೆ ಇಟ್ಟರು.

ಅವತ್ತು ಯಾರೂ ‘ಇದು ಲೋಕದ್ದು’ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಮದುವೆ ದಿನ ಮಾತ್ರ ಅದೇ ಹಿರಿಯರು ಹುಡುಗರ ಕುಣಿತ ನೋಡಿ ತುಂಬಾ ಬೇಜಾರು ಮಾಡಿಕೊಂಡರು.

ಅಮ್ಮ ಮೂರು ಸಂಘಗಳಲ್ಲಿ ಸಾಲ ಎತ್ತಿದ್ದಳು. ವಾರ ವಾರ ಕಂತು. ಸೋಮವಾರ ಬೆಳಿಗ್ಗೆ ಕಂತಿನವರು ಬರುವ ಹೊತ್ತಿಗೆ ದುಡ್ಡು ಸೇರದಿದ್ದರೆ ಹಿತ್ತಲ ಬಾಗಿಲಿನಿಂದ ಹೋಗಿ ಕೈಗಡ ಕೇಳುತ್ತಿದ್ದಳು. ನಾಲ್ಕು ವರ್ಷ ಹೀಗೇ ನಡೆಯಿತು. 2025ರ ಫೆಬ್ರುವರಿಯಲ್ಲಿ ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತಲ್ಲ, ಆ ಸುದ್ದಿ ಓದಿದಾಗ ನನಗೆ ನೆನಪಾದದ್ದು ಆ ಹಿತ್ತಲ ಬಾಗಿಲೇ.

ನಮ್ಮ ಹಿರಿಯರು ಮೆಥಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿಯವರ ಹೆಸರು ಹೇಳಿ ಬಂಗಾರ ಹಾಕಬೇಡಿ ಅಂತಾರೆ. ಸರಿ, 1743ರಲ್ಲಿ ಅವರು ಬರೆದ ನಿಯಮಗಳಲ್ಲಿ ಬಂಗಾರ, ದುಬಾರಿ ಬಟ್ಟೆ ಬೇಡ ಅಂತ ಇದೆ. ಅದೇ ಪಟ್ಟಿಯಲ್ಲಿ ಇನ್ನೊಂದೂ ಇದೆ: ತೀರಿಸುವ ದಾರಿ ಕಾಣದೆ ಸಾಲ ಮಾಡಬಾರದು. ಮೊದಲನೆಯದನ್ನು ಎಷ್ಟೋ ಸಲ ಪ್ರಸಂಗದಲ್ಲಿ ಕೇಳಿದ್ದೇನೆ. ಎರಡನೆಯದನ್ನು ಓದಿ ತಿಳಿದುಕೊಂಡದ್ದು ಕಮಿಟಿಗೆ ಬಂದ ಮೇಲೆ. ಇವೆರಡನ್ನೂ ಒಟ್ಟಿಗೆ ಓದಿದರೆ ಅರ್ಥವೇ ಬೇರೆ ಆಗುತ್ತೆ, ಅಲ್ವಾ?

ಕಾನಾ ಊರಿನ ಮದುವೆ ನೆನಪು ಮಾಡಿಕೊಳ್ಳಿ. ಯೋಹಾನನ ಸುವಾರ್ತೆ, ಎರಡನೇ ಅಧ್ಯಾಯ. ದ್ರಾಕ್ಷಾರಸ ತೀರಿಹೋಯಿತು, ಬಂದವರ ಮುಂದೆ ಆ ಮನೆಯ ಮರ್ಯಾದೆ ಹೋಗುವುದರಲ್ಲಿತ್ತು. ‘ಇಷ್ಟು ಜನರನ್ನು ಯಾಕೆ ಕರೆದಿರಿ’ ಅಂತ ಯೇಸು ಕೇಳಲಿಲ್ಲ. ಆರು ಕಲ್ಲಿನ ಬಾನಿಗಳಿಗೆ ನೀರು ತುಂಬಿಸಿದರು, ಆ ನೀರು ದ್ರಾಕ್ಷಾರಸವಾಯಿತು. ಮನೆಯವರ ತಲೆಯ ಭಾರ ಇಳಿಯಿತು, ಮದುವೆಯ ಸಂತೋಷವೂ ಉಳಿಯಿತು. ನಾನು ಈಗ ಯಾವ ಹೊಸ ಪದ್ಧತಿ ಬಂದರೂ ಇದನ್ನೇ ಕೇಳಿಕೊಳ್ಳುತ್ತೇನೆ: ಇದರಿಂದ ಆ ಮನೆಯವರ ಭಾರ ಇಳಿಯುತ್ತದೋ, ಏರುತ್ತದೋ? ರೋಮಾಪುರದವರಿಗೆ ಬರೆದ ಪತ್ರದ 12ನೇ ಅಧ್ಯಾಯದಲ್ಲಿ ಪೌಲನು ಲೋಕದ ನಡವಳಿಕೆಯಂತೆ ನಡೆಯಬೇಡಿ ಅನ್ನುತ್ತಾನೆ. ಹೆಣ್ಣುಮಗಳನ್ನು ತೊಲದ ಲೆಕ್ಕದಲ್ಲಿ ತೂಗುವುದಕ್ಕಿಂತ ಹಳೆಯ, ಗಟ್ಟಿಯಾದ ಲೋಕದ ನಡವಳಿಕೆ ನಾನು ನೋಡಿಲ್ಲ.

ನಮ್ಮ ಸಭೆಯಲ್ಲಿ ಒಂದು ಪ್ರಯತ್ನ ಮಾಡಿದ್ದೇವೆ. ಚರ್ಚಿನ ದುಡ್ಡಿನಲ್ಲಿ ಕುರ್ಚಿ, ಶಾಮಿಯಾನ, ದೊಡ್ಡ ಪಾತ್ರೆ ಕೊಂಡಿದ್ದೇವೆ. ಬೇಕಾದವರು ಕಾಂಪೌಂಡಿನಲ್ಲೇ ಮದುವೆ ಊಟ ಹಾಕಬಹುದು. ಬಗಾರ ಅನ್ನ, ದಾಲ್ಚಾ, ಒಂದು ಸಿಹಿ. ಸ್ತ್ರೀ ಸಮಾಜದವರು ಬಂದು ಈರುಳ್ಳಿ ಹೆಚ್ಚುತ್ತಾರೆ, ಹುಡುಗರು ಬಡಿಸುತ್ತಾರೆ. ಎಲ್ಲರೂ ಒಪ್ಪಿಲ್ಲ. ಅನುಕೂಲಸ್ಥರು ಇನ್ನೂ ಹಾಲಿಗೇ ಹೋಗುತ್ತಾರೆ, ಅದನ್ನು ನೋಡಿ ಇಲ್ಲದವರೂ ಹೋಗುತ್ತಾರೆ. ಆ ಅನುಕೂಲಸ್ಥರೇ ಒಮ್ಮೆ ಕಾಂಪೌಂಡಿನಲ್ಲಿ ಮಾಡಿದ್ದರೆ ಎಷ್ಟೋ ಅಪ್ಪಂದಿರು ಉಸಿರು ಬಿಡುತ್ತಿದ್ದರು ಅಂತ ನನಗೆ ಅನಿಸುತ್ತದೆ.

ನೀವು ಡಿಜೆ, ಅರಿಶಿನದ ಬಗ್ಗೆ ಬರೆದಿದ್ದೀರಿ. ನಿಮ್ಮ ಮದುವೆಯಲ್ಲಿ ಹುಂಡಾದ ಪಟ್ಟಿ ಬರೆದಿದ್ದಾರಾ ಇಲ್ವಾ ಅನ್ನುವುದನ್ನು ಬರೆದಿಲ್ಲ. ಅಪ್ಪ-ಅಮ್ಮನನ್ನು ಕೂರಿಸಿಕೊಂಡು ಕೇಳಿ. ಎಲ್ಲಿಂದ ದುಡ್ಡು ತಂದಿದ್ದಾರೆ, ಯಾವ ಸಂಘದಲ್ಲಿ ಎಷ್ಟು ಅಂತಾನೂ ಕೇಳಿ. ಪಟ್ಟಿ ಇದ್ದರೆ ಮದುವೆಯಾಗುವ ಹುಡುಗನಿಗೆ ನೀವೇ ಫೋನ್ ಮಾಡಿ. ಎಷ್ಟೋ ಸಲ ಹುಡುಗನಿಗೆ ಪೂರ್ತಿ ವಿಷಯ ಗೊತ್ತೇ ಇರುವುದಿಲ್ಲ, ಅವನು ಒಂದು ಮಾತು ಅಂದರೆ ಹಿರಿಯರು ತಣ್ಣಗಾಗುತ್ತಾರೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ತೆಗೆದುಕೊಳ್ಳುವುದೂ ಅಪರಾಧ, ಕೊಡುವುದೂ ಅಪರಾಧ, ಕೇಳುವುದೂ ಅಪರಾಧ. ಅದನ್ನೂ ಹೇಳಿ. ಅವನು ನಿಮ್ಮ ಮಾತು ಕೇಳದಿದ್ದರೆ ನಿಮ್ಮ ಪಾಸ್ಟರ್ ಹತ್ತಿರ ಹೋಗಿ, ಮೊದಲ ಪ್ರಕಟಣೆ ಓದುವ ಭಾನುವಾರಕ್ಕಿಂತ ಮುಂಚೆಯೇ ಹೋಗಿ. ಒಬ್ಬರೇ ಹೋಗಬೇಡಿ, ಅಮ್ಮನನ್ನು ಕರೆದುಕೊಂಡು ಹೋಗಿ.