ಪೇಪರ್ ರಿಜೆಕ್ಟ್ ಆಯ್ತು, ಇನ್ನು ಯಾವ ಜರ್ನಲ್?

ಪ್ರಶ್ನೆ: ನನ್ನ ಮೊದಲ ಸಂಶೋಧನಾ ಪೇಪರನ್ನು ನಾಲ್ಕು ತಿಂಗಳು ಇಟ್ಟುಕೊಂಡು ರಿಜೆಕ್ಟ್ ಮಾಡಿದ್ದಾರೆ. ಇಬ್ಬರು ರಿವ್ಯೂವರ್‌ಗಳ (ಪೇಪರ್ ಪರಿಶೀಲಿಸುವ ತಜ್ಞರ) ಟಿಪ್ಪಣಿ ಬಂದಿದೆ. ಹಾಗೇ ಬೇರೆ ಜರ್ನಲ್‌ಗೆ ಕಳಿಸಿಬಿಡಲೇ? ಟೈಮ್ ಉಳಿಯಲಿ ಅಂತ ಎರಡು ಮೂರು ಕಡೆ ಒಟ್ಟಿಗೆ ಕಳಿಸಿದರೆ ತಪ್ಪಾ?

ಉತ್ತರ: ತಪ್ಪೇ. ಒಂದು ಸಲಕ್ಕೆ ಒಂದೇ ಜರ್ನಲ್. ಸಿಕ್ಕಿಬಿದ್ದರೆ ಎಲ್ಲ ಕಡೆಯೂ ವಾಪಸ್ ಬರುತ್ತದೆ, ಹೆಸರೂ ಕೆಡುತ್ತದೆ.

ಹಾಗೇ ಕಳಿಸುವುದೂ ಬೇಡ. ಸಣ್ಣ ವಿಷಯವಾದರೆ ಅದನ್ನು ಬಲ್ಲವರು ಬೆರಳೆಣಿಕೆಯಷ್ಟು ಜನ, ಹೊಸ ಜರ್ನಲ್‌ನವರು ನಿಮ್ಮ ಪೇಪರನ್ನು ಅದೇ ಹಳೇ ರಿವ್ಯೂವರ್‌ಗೆ ಕಳಿಸಬಹುದು, ಅವರು ಆಗಲೇ ತೋರಿಸಿದ ತಪ್ಪು ಅದೇ ಜಾಗದಲ್ಲಿ ಕೂತಿದ್ದರೆ ಅವರು ಮುಂದೆ ಓದ್ತಾರಾ?

ಸಿಟ್ಟು ಇಳಿದ ಮೇಲೆ ಆ ರಿಜೆಕ್ಟ್ ಪತ್ರ ಮತ್ತೆ ಓದಿ. ಮುಂದೆ ಎಲ್ಲಿಗೆ ಅನ್ನೋದು ಅದರಲ್ಲೇ ಇದೆ. 'ನಮ್ಮ ವ್ಯಾಪ್ತಿಗೆ ಬರಲ್ಲ' ಅಂದಿದ್ದರೆ ಜರ್ನಲ್ ಬದಲಿಸಿದರೆ ಸಾಕು. 'ಹೊಸತನ ಸಾಲದು' ಅಂದಿದ್ದರೆ ನಿಮ್ಮ ವಿಷಯಕ್ಕೇ ಮೀಸಲಾದ ಸಣ್ಣ ಜರ್ನಲ್ ನೋಡಿ, ಅಥವಾ 2006ರಲ್ಲಿ ಶುರುವಾದ ಪ್ಲಾಸ್ ವನ್ ತರಹದ್ದು. ಅಲ್ಲಿ ಕೆಲಸ ಸರಿಯಾಗಿ ಮಾಡಿದ್ದೀರಾ ಅಂತ ನೋಡುತ್ತಾರೆ, ಎಷ್ಟು ದೊಡ್ಡ ಸುದ್ದಿ ಅಂತ ಅಲ್ಲ (ಪ್ರಕಟಣಾ ಶುಲ್ಕ ಇರುತ್ತದೆ, ಮೊದಲೇ ವಿಚಾರಿಸಿ). ವಿಧಾನದಲ್ಲೇ ದೋಷ ಅಂದಿದ್ದರೆ ಮಾತ್ರ ಜರ್ನಲ್ ಹುಡುಕೋದು ಬಿಟ್ಟು ಅದನ್ನು ಸರಿಮಾಡಿ.

ಹುಡುಕೋಕೆ ನಿಮ್ಮ ರೆಫರೆನ್ಸ್ ಪಟ್ಟಿಗಿಂತ ಒಳ್ಳೇ ಜಾಗ ಇಲ್ಲ. ಪ್ರಿಂಟ್ ತೆಗೆದು ಜರ್ನಲ್ ಹೆಸರುಗಳ ಕೆಳಗೆ ಗೆರೆ ಎಳೆಯಿರಿ. ಮೂರು ನಾಲ್ಕು ಸಲ ಬಂದ ಹೆಸರು ಯಾವುದೋ, ಅದರ ಓದುಗರೇ ನಿಮ್ಮ ಓದುಗರು. ಅದರ ಈಚಿನ ಒಂದೆರಡು ಸಂಚಿಕೆ ತಿರುವಿ ಹಾಕಿ. ಎಲ್ಸೆವಿಯರ್, ಸ್ಪ್ರಿಂಗರ್‌ನಂಥ ಪ್ರಕಾಶಕರ ಜರ್ನಲ್ ಹುಡುಕುವ ಟೂಲ್‌ಗಳೂ ಇವೆ, ಆದರೆ ಅವು ತಮ್ಮ ಮನೆಯ ಜರ್ನಲ್‌ಗಳನ್ನೇ ತೋರಿಸುತ್ತವೆ. 'ನಮ್ಮದೇ ಇನ್ನೊಂದು ಜರ್ನಲ್‌ಗೆ ವರ್ಗಾಯಿಸಲೇ?' ಅಂತ ಪ್ರಕಾಶಕರು ಕೇಳಿದರೂ ಅಷ್ಟೇ, ಒಪ್ಪಲೇಬೇಕು ಅಂತೇನಿಲ್ಲ.

ಬೇಜಾರಲ್ಲಿರುವಾಗಲೇ 'ಒಂದು ವಾರದಲ್ಲಿ ಪ್ರಕಟಿಸ್ತೀವಿ' ಅನ್ನೋ ಮೋಸದ ಜರ್ನಲ್‌ಗಳ ಮೇಲ್‌ಗಳು ಜಾಸ್ತಿ ಸಿಹಿ ಅನಿಸುತ್ತವೆ. ಸ್ಕೋಪಸ್‌ನಲ್ಲಿದ್ದೇವೆ (ಆಯ್ದ ಜರ್ನಲ್‌ಗಳ ಸೂಚಿ ಅದು) ಅಂತ ಅವರು ಬರೆದುಕೊಂಡದ್ದನ್ನು ನಂಬಬೇಡಿ, ಸ್ಕೋಪಸ್ ತಾಣಕ್ಕೇ ಹೋಗಿ ನೋಡಿ. ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದದ್ದು) ಆದರೆ, ಅಂಥ ಜರ್ನಲ್‌ಗಳ ಡಿಒಎಜೆ ಪಟ್ಟಿಯಲ್ಲೂ ಹುಡುಕಿ.

ಕಳಿಸುವ ಮುಂಚೆ ಕವರ್ ಲೆಟರ್ (ಪೇಪರ್ ಜೊತೆ ಸಂಪಾದಕರಿಗೆ ಬರೆಯುವ ಪತ್ರ) ಇನ್ನೊಮ್ಮೆ ಓದಿ. ನಾನೊಮ್ಮೆ ಹಳೇ ಜರ್ನಲ್ ಹೆಸರು ತೆಗೆಯದೇ ಕಳಿಸಿ, ಅದೇ ದಿನ ಸಂಜೆ ಉತ್ತರ ಪಡೆದಿದ್ದೆ.